ನಾನು ಹತ್ತದೆ ಬಿಟ್ಟ ಇಳಿಜಾರು

ನಾನು ಮಾಡಬೇಕಾಗಿದ್ದ ಕೆಲಸ ದೊಡ್ಡದೇನೂ ಅಲ್ಲ. ಬಿದಿರಿನ ಕೋಲು ಹಿಡಿದು ಹಿಮದ ಇಳಿಜಾರನ್ನು ಬುಡದಿಂದ ತುದಿಯವರೆಗೆ ಹತ್ತಬೇಕಿತ್ತು. ಹತ್ತು ಹೆಜ್ಜೆಗೊಮ್ಮೆ ಕೋಲು ಚುಚ್ಚಿ, ಹೊಸ ಹಿಮದ ಅಡಿಯಲ್ಲಿ ಗಟ್ಟಿ ಮಂಜುಗಡ್ಡೆ ಇದೆಯೇ ಎಂದು ನೋಡಬೇಕಿತ್ತು. ಆ ದಿನ ನಾನು ಅರ್ಧಕ್ಕೆ ನಿಂತು ಇಳಿದು ಬಂದೆ. ಪೂರ್ತಿ ನೋಡಿದ್ದೇನೆ ಎಂದು ಹೇಳಿದೆ. ಆ ಮಾತನ್ನು ನಂಬಿ ಮೇಲೆ ಹೋದವಳು ನನ್ನ ಒಡಹುಟ್ಟಿದ ತಂಗಿ.

ಈಗ ನಾನು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಗೋದಾಮಿನಲ್ಲಿದ್ದೇನೆ. ಮೀನು, ಬಟಾಣಿ, ಪರೋಟದ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಕೆಲಸ. ನನ್ನ ಮೇಜು ಹೊರಗಿನ ಕೋಣೆಯಲ್ಲಿದೆ. ಕೋಲ್ಡ್ ಸ್ಟೋರಿನ ಒಳಗೆ ಹೋಗಬೇಕಾದ ಕೆಲಸ ಬಂದರೆ ಏನಾದರೂ ನೆಪ ಹೇಳಿ ಬೇರೆಯವರನ್ನು ಕಳಿಸುತ್ತೇನೆ. ಹೋದ ತಿಂಗಳು ಆ ದಪ್ಪ ಬಾಗಿಲು ಕೆಟ್ಟು, ಇಡೀ ಬೆಳಿಗ್ಗೆ ತೆರೆದೇ ಇತ್ತು. ಒದ್ದೆ ರಬ್ಬರು, ತಣ್ಣನೆಯ ಕಬ್ಬಿಣ, ಒಗೆಯದ ಕೈಗವಸು ಎಲ್ಲ ಬೆರೆತ ವಾಸನೆ ನನ್ನ ಮೇಜಿನವರೆಗೂ ಬಂತು. ಚೀಟಿಯನ್ನು ಎಲ್ಲಿ ಅಂಟಿಸುತ್ತಿದ್ದೇನೆಂದು ತಿಳಿಯಲಿಲ್ಲ. ಹತ್ತು ವರ್ಷವಾಗಿದೆ, ಹೆದರಿಕೆ ಮಾತ್ರ ಹಾಗೇ ಇದೆ.

ಆ ವರ್ಷ ನಾನೂ ತಂಗಿ ಜೆಸ್ಸಿಯೂ ದುಬೈಯ ಕರಾಮದ ಒಂದು ಹಳೆಯ ಕಟ್ಟಡದಲ್ಲಿದ್ದೆವು. ಪ್ಲೈವುಡ್ ಅಡ್ಡ ಹಾಕಿ ಮೂರು ಪಾಲು ಮಾಡಿದ ಕೋಣೆ. ಕಿಟಕಿ ಇಲ್ಲದ ಪಾಲು ನಮ್ಮದು. ನಮ್ಮ ಊರು ಶಿರ್ವದ ಹತ್ತಿರ. ನಾನು ಎಂಟನೆಯ ತರಗತಿಗೆ ಶಾಲೆ ಬಿಟ್ಟು ಮಲ್ಲಿಗೆ ಕಟ್ಟಲು ಕೂತವಳು. ಜೆಸ್ಸಿ ನನಗಿಂತ ಆರು ವರ್ಷಕ್ಕೆ ಚಿಕ್ಕವಳು, ಪಿಯುಸಿ ಮಾಡಿದವಳು. ನಾವು ಮಾತಾಡುತ್ತಿದ್ದುದು ಕೊಂಕಣಿ, ನಡುವೆ ತುಳು, ಕೋಪ ಬಂದರೆ ಕನ್ನಡ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ನಮ್ಮಿಬ್ಬರ ಕೆಲಸ ಒಂದು ಮಾಲಿನೊಳಗಿನ ಹಿಮದ ಇಳಿಜಾರಿನಲ್ಲಿ. ಹೊರಗೆ ಬೆಳಿಗ್ಗೆ ಆರಕ್ಕೇ ಬಸ್ಸಿನ ಕಂಬಿ ಮುಟ್ಟಿದರೆ ಕೈ ಸುಡುತ್ತಿತ್ತು. ಒಳಗೆ ಬಂದು ಎರಡು ಬಾಗಿಲು ದಾಟಿದರೆ ಮೂಗಿನೊಳಗಿನ ತೇವವೂ ಗಟ್ಟಿಯಾಗುತ್ತಿತ್ತು. ತುಟಿ ಒಡೆಯದಿರಲೆಂದು ನಾನು ತಂದಿಟ್ಟಿದ್ದ ತೆಂಗಿನೆಣ್ಣೆ ಬಾಟಲಿಯಲ್ಲೇ ಕಲ್ಲಾಗಿರುತ್ತಿತ್ತು. ಜೆಸ್ಸಿ ಬಂದ ಮೊದಲ ದಿನವೇ ಹಿಮ ಬಗೆದು ಬಾಯಿಗೆ ಹಾಕಿಕೊಂಡಳು. ನಮ್ಮ ಮೇಲ್ವಿಚಾರಕ ಗುರುಂಗ್, ನೇಪಾಳದವನು, ದೂರದಿಂದ ಕೂಗಿದ.

"ಏ, ಅದು ಐಸ್‌ಕ್ಯಾಂಡಿ ಅಲ್ಲ!"

"ಹೌದಾ ಗುರುಂಗ್ ಭಾಯಿ, ಸಕ್ಕರೆ ಹಾಕ್ಲಿಕ್ಕೆ ಮರ್ತಿದ್ದಾರೆ" ಎಂದಳು ಅವಳು.

ಅವಳು ಹಾಗೆ. ಮೊದಲ ತಿಂಗಳಲ್ಲೇ ಸ್ಕೀ ಕಲಿಯಲು ಹೊರಟಳು. ಬಾಗಿಲು ತೆರೆಯುವ ಮುಂಚಿನ ಅರ್ಧ ಗಂಟೆ ಕೆಲಸದವರು ಆಡಬಹುದಿತ್ತು. ನಾನು ಆ ಉದ್ದ ಹಲಗೆಗಳನ್ನು ಒಮ್ಮೆ ಕಾಲಿಗೆ ಹಾಕಿಕೊಂಡು, ನಿಂತಲ್ಲೇ ಬಿದ್ದು, ಇನ್ನು ಸಾಕು ಎಂದು ಬಿಚ್ಚಿಟ್ಟೆ. ಜೆಸ್ಸಿ ಬಿದ್ದು ಎದ್ದು, ಮೊಣಕೈ ತರಚಿಕೊಂಡು, ಎಂಟು ತಿಂಗಳಲ್ಲಿ ಇಳಿಜಾರಿನ ತುದಿಯಿಂದ ನೀರು ಹರಿದಂತೆ ಬರುತ್ತಿದ್ದಳು. ಕಲಿಸುವವರ ಗುಂಪಿಗೆ ಅವಳನ್ನು ಸೇರಿಸಿಕೊಳ್ಳುವ ಮಾತು ನಡೆದಿತ್ತು. ಈದ್ ರಜೆ ಮುಗಿದ ಮೇಲೆ ಪರೀಕ್ಷೆ. ಬಂದವರಿಗೆ ಬೂಟು ತೊಡಿಸುವ ಕೆಲಸದಿಂದ ಪಾಠ ಹೇಳುವ ಕೆಲಸಕ್ಕೆ. ನಮ್ಮ ಕೋಣೆಯಲ್ಲಿ ಅವಳು ತಲೆದಿಂಬಿನ ಮೇಲೆ ನಿಂತು, ಕಾಣದ ಮಕ್ಕಳಿಗೆ ಇಂಗ್ಲಿಷಿನಲ್ಲಿ ಮಂಡಿ ಬಗ್ಗಿಸಲು ಹೇಳಿಕೊಡುತ್ತಿದ್ದಳು.

ನನ್ನನ್ನು ಆಗಷ್ಟೇ ಬೂಟಿನ ಕೌಂಟರಿನಿಂದ ಇಳಿಜಾರಿನ ಕೆಲಸಕ್ಕೆ ಹಾಕಿದ್ದರು. ಮಾಲು ಮುಚ್ಚಿದ ಮೇಲೆ ಯಂತ್ರಗಳು ಮೇಲಿನ ಮಾಡಿನಿಂದ ಹಿಮ ಉದುರಿಸುತ್ತಿದ್ದವು. ಬೆಳಿಗ್ಗೆ ನಾನು ಹೋಗಿ ಕೋಲಿನಿಂದ ಚುಚ್ಚಿ ನೋಡಬೇಕು. ಮಾಡಿನ ಪೈಪುಗಳಿಂದ ಹನಿ ಬಿದ್ದ ಕಡೆ ಹಳೆಯ ಹಿಮ ಗಾಜಿನ ಹಾಗೆ ಗಟ್ಟಿಯಾಗಿರುತ್ತದೆ. ಅದರ ಮೇಲೆ ಹೊಸ ಹಿಮ ಬಿದ್ದರೆ ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಕೋಲಿಗೆ ಗೊತ್ತಾಗುತ್ತದೆ. ಟಕ್ ಎಂದರೆ ಅಲ್ಲಿ ಕೆಂಪು ಬಾವುಟ ನೆಡಬೇಕು. ಎಲ್ಲ ನೋಡಿ ಬಂದು, ಎಡಬದಿ ತೆರೆಯಬೇಕೋ ಬಲಬದಿಯೋ ಎಂದು ಗುರುಂಗ್‌ಗೆ ಹೇಳಬೇಕು. ಆಮೇಲೆ ನಮ್ಮವರಲ್ಲೇ ಒಬ್ಬರು ಆ ಬದಿಯಲ್ಲಿ ಮೊದಲು ಇಳಿದು ಬರುತ್ತಾರೆ. ಅವರು ಕೈ ಎತ್ತಿದರೆ ಜನರನ್ನು ಬಿಡುತ್ತಾರೆ.

ಈ ಕ್ರಮದಲ್ಲಿ ಒಂದು ಸಂಗತಿ ಇತ್ತು. ಗಟ್ಟಿ ಇದ್ದಲ್ಲಿ ಬಾವುಟ. ಚೆನ್ನಾಗಿದ್ದಲ್ಲಿ ಏನೂ ಇಲ್ಲ. ಹಾಗಾಗಿ ಬಾವುಟ ಇಲ್ಲದ ಜಾಗವೆಂದರೆ ನೋಡಿ ಪಾಸು ಮಾಡಿದ ಜಾಗ ಎಂದೇ ಎಲ್ಲರೂ ತಿಳಿಯುತ್ತಿದ್ದರು. ಯಾರೂ ನೋಡದ ಜಾಗವೂ ಹಾಗೆಯೇ ಕಾಣುತ್ತದೆ.

ಈದ್‌ಗೆ ಸುಮಾರು ಒಂದು ತಿಂಗಳ ಮುಂಚೆ ನಾನು ಮೇಲೆ, ತುದಿಗೆ ಹತ್ತಿರದ ಕಡಿದಾದ ಭಾಗದಲ್ಲಿ ಜಾರಿದೆ. ಬೆನ್ನ ಮೇಲೆ, ತಲೆ ಕೆಳಗಾಗಿ, ಹಿಡಿಯಲು ಏನೂ ಸಿಗದೆ ಜಾರಿ ಹೋದೆ. ಪಕ್ಕದಲ್ಲಿ ತಡೆಗೆಂದು ಕಟ್ಟಿದ್ದ ಬಲೆಗೆ ಕಾಲು ಸಿಕ್ಕಿ ನಿಂತೆ. ಮಾಡಿನ ಬಿಳಿ ದೀಪಗಳನ್ನು ನೋಡುತ್ತಾ ಎಷ್ಟೋ ಹೊತ್ತು ಮಲಗಿದ್ದೆ. ಯಾರೂ ನೋಡಿರಲಿಲ್ಲ. ನಾನೂ ಯಾರಿಗೂ ಹೇಳಲಿಲ್ಲ. ಹೆದರುವವಳನ್ನು ಇಳಿಜಾರಿನಲ್ಲಿ ಯಾಕೆ ಇಟ್ಟುಕೊಳ್ಳುತ್ತಾರೆ? ಕೆಲಸ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಊರು. ಮರುದಿನ ಅರ್ಧ ದಾರಿಯಲ್ಲಿ, ಜನರನ್ನು ಕುರ್ಚಿಯಲ್ಲಿ ಕೂರಿಸಿ ತುದಿಗೆ ಒಯ್ಯುವ ಲಿಫ್ಟಿನ ಕಬ್ಬಿಣದ ಕಂಬದ ಹತ್ತಿರ ಬಂದಾಗ ನನ್ನ ಎರಡೂ ಕಾಲು ನಿಂತವು. ಕಂಬವನ್ನು ತಬ್ಬಿಕೊಂಡು ಮೇಲಿನ ಭಾಗವನ್ನು ಕಣ್ಣಲ್ಲೇ ನೋಡಿದೆ. ಬೆಳ್ಳಗೆ, ಸಮವಾಗಿ ಇತ್ತು. ಇಳಿದು ಬಂದೆ. ಆ ದಿನ ಏನೂ ಆಗಲಿಲ್ಲ. ಅದರ ಮರುದಿನವೂ ಆಗಲಿಲ್ಲ. ಏನೂ ಆಗದೇ ಹೋದದ್ದೇ ನನಗೆ ಕೆಟ್ಟ ಧೈರ್ಯ ಕೊಟ್ಟಿತು.

ಈದ್ ರಜೆಗೆ ಜನ ತುಂಬುತ್ತಾರೆಂದು ಆ ವಾರ ಮೂರು ದಿನ ಬಿಡದೆ ಹಿಮ ಸುರಿಸಿದರು. ರಜೆಯ ಮೊದಲ ಬೆಳಿಗ್ಗೆ ನಾವು ಒಳಗೆ ಹೋದಾಗ ಮೊಣಕಾಲಿನ ತನಕ ಹೊಸ ಹಿಮ. ಹಳೆಯ ಗೀರು, ಗುಂಡಿ, ಕಾಲಿನ ಗುರುತು ಎಲ್ಲ ಮುಚ್ಚಿ ಹೋಗಿತ್ತು. ಶಬ್ದವೂ ಮುಚ್ಚಿದಂತಿತ್ತು, ನಮ್ಮ ಮಾತು ಬಾಯಿಯ ಹತ್ತಿರವೇ ಬಿದ್ದು ಹೋಗುತ್ತಿತ್ತು.

"ಎಂತ ಚಂದ ಅಲ್ವಾ ಅಕ್ಕ?" ಎಂದಳು ಜೆಸ್ಸಿ. ಮರುಕ್ಷಣವೇ ದನಿ ಇಳಿಸಿ, "ಆದ್ರೆ ಇವತ್ತು ಜಾಗ್ರತೆ ನೋಡು ಮಾರಾಯ್ತಿ. ಹೊಸತು ಬಿದ್ದ ದಿನ ಎಡವೂ ಒಂದೇ, ಬಲವೂ ಒಂದೇ. ಎಲ್ಲಿ ಇಳೀಬೇಕು ಅಂತ ನಂಗೆ ಮೇಲೆ ನಿಂತ್ರೆ ಗೊತ್ತಾಗುದಿಲ್ಲ. ನಿನ್ನ ಕೋಲೇ ಗತಿ" ಎಂದಳು.

ನಾನು ಹತ್ತಿದೆ. ಬಲಬದಿಯಲ್ಲಿ ಮೂರು ಕಡೆ ಕೋಲು ಟಕ್ ಎಂದಿತು. ಮೂರು ಬಾವುಟ ನೆಟ್ಟೆ. ಎಡಬದಿಯಲ್ಲಿ ಕೋಲು ಹಿಟ್ಟಿನೊಳಗೆ ಇಳಿದಂತೆ ಇಳಿಯಿತು. ಹಾಗೆ ಲಿಫ್ಟಿನ ಕಂಬದವರೆಗೆ ಬಂದೆ. ಮೇಲೆ ಇನ್ನರ್ಧ ಉಳಿದಿತ್ತು. ಒಂದು ಹೆಜ್ಜೆ ಇಟ್ಟೆ. ಮೊಣಕಾಲಿನವರೆಗೆ ಹೂತು ಹೋಯಿತು. ಕಾಲು ಹಿಂದೆಗೆದು, ಕಂಬಕ್ಕೆ ಒರಗಿ, ಮೇಲೆ ಹೋಗಿ ಬರಲು ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟು ಹೊತ್ತು ಅಲ್ಲೇ ನಿಂತೆ. ಕೆಳಗಿನಿಂದ ನೋಡುವವರಿಗೆ ಆ ಕಂಬದಿಂದ ಮೇಲೆ ತಿಳಿ ಮಂಜು, ಯಾರಿಗೂ ಕಾಣುವುದಿಲ್ಲ.

"ಬೋಲ್ ಲೀನಾ. ಲೆಫ್ಟ್ ಯಾ ರೈಟ್?" ಗುರುಂಗ್ ಕೆಳಗೆ ಕಾಯುತ್ತಿದ್ದ. ಗಾಜಿನ ಆಚೆ ಆಗಲೇ ಮಕ್ಕಳ ಸಾಲು ನಿಂತಿತ್ತು.

"ಲೆಫ್ಟ್" ಎಂದೆ.

ಜೆಸ್ಸಿ ಬೂಟಿನ ಕೊಂಡಿ ಬಿಗಿಯುತ್ತಾ ತಲೆ ಎತ್ತಿದಳು. "ಮೇಲೆ ನೋಡಿದ್ಯಾ ಅಕ್ಕ?"

"ನೋಡಿದೆ."

"ತುದಿ ತನಕ?"

"ಹೌದು ಅಂದ್ನಲ್ಲ. ಎಷ್ಟು ಸಲ ಕೇಳ್ತಿ?"

"ಸಿಟ್ಟು ಎಂತಕ್ಕೆ? ಕೇಳ್ಬಾರ್ದಾ?" ಎಂದು ನಕ್ಕು, "ಯಲ್ಲಾ, ಹೊರಟೆ" ಎನ್ನುತ್ತಾ ಲಿಫ್ಟಿನ ಕುರ್ಚಿಯಲ್ಲಿ ಕೂತಳು.

ಆ ಕುರ್ಚಿ ತುದಿ ಮುಟ್ಟಲು ನಾಲ್ಕು ನಿಮಿಷ ಬೇಕು. ಆ ನಾಲ್ಕು ನಿಮಿಷವನ್ನು ನಾನು ಎಷ್ಟು ಸಲ ಬದುಕಿದ್ದೇನೋ ನನಗೇ ಗೊತ್ತಿಲ್ಲ. ವಾಕಿಟಾಕಿ ನನ್ನ ಕೈಯಲ್ಲೇ ಇತ್ತು. ಗುಂಡಿ ಒತ್ತಿ "ಇಳಿಯಬೇಡ" ಎಂದರೆ ಮುಗಿಯುತ್ತಿತ್ತು. ಗುರುಂಗ್ ನನ್ನಿಂದ ಎರಡು ಹೆಜ್ಜೆ ದೂರ ನಿಂತಿದ್ದ. ಯಾಕೆ ಎಂದು ಕೇಳುತ್ತಾನೆ. ಕೇಳಿದರೆ ಇವತ್ತಿನದು ಮಾತ್ರವಲ್ಲ, ಒಂದು ತಿಂಗಳಿನದು ಹೇಳಬೇಕಾಗುತ್ತದೆ. ಅವಳ ಕುರ್ಚಿ ಕಂಬ ದಾಟಿತು. ಕೆಂಪು ಜಾಕೆಟ್ಟು ಮಂಜಿನೊಳಗೆ ಮಾಸಿತು. ಗುಂಡಿಯ ಮೇಲೆ ಬೆರಳು ಇಟ್ಟೆ. ನೆಟ್ಟಗೆ ಇಳಿದು ಬರುತ್ತಾಳೆ, ದಿನಾ ಬರುವುದಿಲ್ಲವೇ ಎಂದುಕೊಂಡೆ. ಬೆರಳು ತೆಗೆದೆ. ಮತ್ತೆ ಇಟ್ಟೆ. ಅಷ್ಟರಲ್ಲಿ ವಾಕಿಟಾಕಿಯಲ್ಲಿ ಅವಳದೇ ದನಿ ಬಂತು. "ಬರ್ತಾ ಇದ್ದೇನೆ."

ಎರಡು ತಿರುವಿನ ಶಬ್ದ ಕೇಳಿಸಿತು, ರೇಷ್ಮೆ ಸೀರೆ ಎಳೆದಂತೆ. ಮೂರನೆಯದು ಕೇಳಿಸಲಿಲ್ಲ. ಅದರ ಬದಲು ಕಬ್ಬಿಣ ಗಾಜಿನ ಮೇಲೆ ಕೆರೆದಂತಹ ಸದ್ದು, ಆಮೇಲೆ ಬಲೆಗೆ ಏನೋ ಬಂದು ಅಪ್ಪಳಿಸಿದ್ದು. ಕೂಗು ಬಂದದ್ದು ತಡವಾಗಿ. ಅದು ಜೆಸ್ಸಿಯ ದನಿಯೆಂದು ನನಗೆ ಗುರುತೇ ಸಿಗಲಿಲ್ಲ.

ನಾನು ಓಡಿದೆ. ಒಂದು ತಿಂಗಳಿನಿಂದ ಹತ್ತಲಾಗದ ಜಾಗಕ್ಕೆ ಆ ದಿನ ಹತ್ತಿದೆ. ಹೊಸ ಹಿಮ ಚಾಪೆ ಎಳೆದ ಹಾಗೆ ಜಾರಿ ಹೋಗಿ, ಅಡಿಯಲ್ಲಿ ನೀಲಿ ಬಣ್ಣದ ಮಂಜುಗಡ್ಡೆ ಒಂದು ಮಂಚದಷ್ಟು ಅಗಲಕ್ಕೆ ಹೊಳೆಯುತ್ತಿತ್ತು. ಜೆಸ್ಸಿಯ ಒಂದು ಕಾಲಿನ ಹಲಗೆ ಕಳಚಿರಲಿಲ್ಲ. ಮೊಣಕಾಲು ತಿರುಗಬಾರದ ಕಡೆಗೆ ತಿರುಗಿತ್ತು.

ಗುರುಂಗ್ ಅವಳನ್ನು ಸ್ಟ್ರೆಚರಿನಲ್ಲಿ ಇಳಿಸಿದ ಮೇಲೆ ನನ್ನ ಕಡೆಗೆ ತಿರುಗಿದ. ಬೈಯಲಿಲ್ಲ. ವರದಿ ಬರೆಯಲು ಫಾರಂ ಹಿಡಿದಿದ್ದ. "ಅಲ್ಲಿ ಬಾವುಟ ಇರಲಿಲ್ಲ. ನೀನು ನೋಡಿದ್ದೆ ತಾನೇ?" ಎಂದು ಹಿಂದಿಯಲ್ಲಿ ಕೇಳಿದ.

"ನೋಡಿದ್ದೆ. ಅಂಚಿನಲ್ಲಿ ಗಟ್ಟಿ ಇತ್ತು. ಬಾವುಟ ಮುಗಿದಿತ್ತು. ನಡುವಿನಲ್ಲೇ ಇಳಿ ಅಂತ ಅವಳಿಗೆ ಕೊಂಕಣಿಯಲ್ಲಿ, ಬಾಯಲ್ಲೇ ಹೇಳಿದ್ದೆ. ಅವಳು ಕೇಳಲಿಲ್ಲ."

ಇಷ್ಟು ಉದ್ದದ ಸುಳ್ಳು ಎಲ್ಲಿಂದ ಬಂತೋ. ನನ್ನ ಹಿಂದಿ ಅಷ್ಟು ಸಲೀಸಾಗಿ ಅದಕ್ಕೆ ಮೊದಲು ಬಂದದ್ದಿಲ್ಲ. ಅವನು ಬರೆದುಕೊಂಡ. ನಾನು ಸಹಿ ಹಾಕಿದೆ.

ಆಸ್ಪತ್ರೆಯಲ್ಲಿ ಲಿಗಮೆಂಟ್ ಹರಿದಿದೆ ಎಂದರು, ಆಪರೇಶನ್ ಮಾಡಿದರು. ನಾಲ್ಕನೆಯ ದಿನ ಜೆಸ್ಸಿ ಮೇಲಿನ ಮಾಡು ನೋಡುತ್ತಾ ಕೇಳಿದಳು, "ಅಕ್ಕ, ನಡುವಲ್ಲೇ ಇಳಿ ಅಂತ ನೀನು ಹೇಳಿದ್ದಿಯಂತೆ. ಗುರುಂಗ್ ಹೇಳಿದ. ನಂಗೆ ನೆನಪೇ ಇಲ್ಲ."

ಅವಳು ನನ್ನನ್ನು ಹಿಡಿದುಬಿಟ್ಟಳು ಎಂದುಕೊಂಡೆ.

"ಹೆಲ್ಮೆಟ್ ಹಾಕಿದ್ದೆನೋ ಏನೋ, ಕೇಳಿಸ್ಲಿಲ್ಲ" ಎಂದು ಅವಳೇ ಮುಂದುವರಿಸಿದಳು. "ಪರೀಕ್ಷೆ, ಪರೀಕ್ಷೆ ಅಂತ ನನ್ನ ಮಂಡೆ ಎಲ್ಲೋ ಇತ್ತು. ನಿನ್ನ ಹೆಸ್ರು ಕೆಡ್ಲಿಲ್ಲ ಅಲ್ವಾ? ಅದೊಂದೇ ಪುಣ್ಯ."

ನಾನು ಮೂಸಂಬಿ ಸುಲಿಯುತ್ತಿದ್ದೆ. ಸುಲಿಯುತ್ತಲೇ ಇದ್ದೆ.

ಕಾಲು ವಾಸಿಯಾಯಿತು; ಚಳಿಗೆ ಸ್ವಲ್ಪ ಎಳೆಯುತ್ತದೆ, ಅಷ್ಟೇ. ಕಲಿಸುವ ಕೆಲಸ ಕೈ ತಪ್ಪಿತು. ಅದೂ ಹೋಗಲಿ. ವಾಸಿಯಾಗದೆ ಉಳಿದದ್ದು ಬೇರೆ. ಬೇರೆಯವರು ಹೇಳಿದ್ದನ್ನು ತಾನು ಕೇಳಿಸಿಕೊಳ್ಳುವವಳಲ್ಲ, ತನ್ನ ಮೇಲೆ ತಾನೇ ಭರವಸೆ ಇಡುವಂತಿಲ್ಲ ಎಂದು ಜೆಸ್ಸಿ ನಂಬಿಬಿಟ್ಟಳು. ಬೀಗ ಹಾಕಿ ಮೂರು ಸಲ ಎಳೆದು ನೋಡುವಳು. ಮೆಟ್ರೋದಲ್ಲಿ ನಿಲ್ದಾಣದ ಹೆಸರು ಹೇಳಿದರೆ ನನ್ನ ತೋಳು ಹಿಡಿದು, "ಅದೇ ಅಲ್ವಾ ಹೇಳಿದ್ದು?" ಎಂದು ಕೇಳುವಳು. ಮದುವೆಯಾಗಿ ಅಬುಧಾಬಿಗೆ ಹೋದಳು. ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಶನ್ ಕೆಲಸ ಸಿಕ್ಕಿತ್ತು. ಡಾಕ್ಟರ ಮಾತು ತಪ್ಪಾಗಿ ಕೇಳಿಸಿಕೊಂಡರೆ ಯಾರಾದರೂ ಸತ್ತಾರು ಎಂದು ಹೆದರಿ ಎರಡೇ ತಿಂಗಳಲ್ಲಿ ಬಿಟ್ಟಳು. ಅವಳ ಫೋನು ಬಂದಾಗಲೆಲ್ಲ ನನಗೆ ಗುರುಂಗ್‌ನ ಫಾರಂ ನೆನಪಾಗುತ್ತಿತ್ತು.

ನಾನು ಪಾಪನಿವೇದನೆಗೆ ಹೋಗದೆ ಇರಲಿಲ್ಲ. ಪ್ರತಿ ಸಲವೂ "ಸುಳ್ಳು ಹೇಳಿದ್ದೇನೆ ಫಾದರ್" ಎನ್ನುತ್ತಿದ್ದೆ. ಯಾವ ಸುಳ್ಳು ಎಂದು ಹೇಳುತ್ತಿರಲಿಲ್ಲ. ಕೊಂಕಣಿ ಬಲ್ಲ ಒಬ್ಬ ಪಾದ್ರಿ ಒಮ್ಮೆ, "ಯಾರಿಗೆ ಹೇಳಿದೆ ಮಗಳೇ? ಅವರಿಗೆ ನಿಜ ಹೇಳಿದೆಯಾ?" ಎಂದು ಕೇಳಿದರು. ಅಲ್ಲಿಂದ ಮುಂದೆ ನಾನು ಅವರ ಸಾಲಿನಲ್ಲಿ ನಿಲ್ಲಲಿಲ್ಲ. ಇಂಗ್ಲಿಷ್ ಸಾಲಿಗೆ ಹೋದೆ. ಇಂಗ್ಲಿಷಿನಲ್ಲಿ ಆ ಸಂಗತಿ ಹೇಳುವಷ್ಟು ಮಾತು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದೇ ಅನುಕೂಲವಾಯಿತು. ಮಂಡಿಯೂರಿ, ಕೊಟ್ಟ ಪ್ರಾರ್ಥನೆ ಹೇಳಿ, ಎದ್ದು ಬರುತ್ತಿದ್ದೆ. ಒಂದು ವಾರ ನಿದ್ದೆ ಬರುತ್ತಿತ್ತು.

ಗೋದಾಮಿನ ಬಾಗಿಲು ಕೆಟ್ಟ ಆ ವಾರವೇ ಜೆಸ್ಸಿ ಫೋನು ಮಾಡಿದಳು. ಅವಳ ಮಗಳು ರಿಯಾಗೆ ಏಳು ವರ್ಷ. ಶಾಲೆಯಿಂದ ಮಕ್ಕಳನ್ನು ಹಿಮದ ಆಟಕ್ಕೆ ಕರೆದುಕೊಂಡು ಹೋಗುತ್ತಾರಂತೆ, ತಾಯಿ ಸಹಿ ಹಾಕಬೇಕಂತೆ.

"ನಾನು ಹಾಕುದಿಲ್ಲ" ಎಂದಳು. "ಅದಕ್ಕೆ ಮಗು ಮೂರು ದಿನದಿಂದ ಊಟ ಬಿಟ್ಟಿದೆ. ನೀನು ಬಾ ಅಕ್ಕ. ಹೇಳಿದ್ದು ಕೇಳದವ್ರು ಹಿಮಕ್ಕೆ ಹೋದ್ರೆ ಎಂತ ಆಗ್ತದೆ ಅಂತ ನೀನೇ ಅದಕ್ಕೆ ಹೇಳು. ನೀನು ಕಣ್ಣಾರೆ ನೋಡಿದವಳಲ್ವಾ?"

ಭಾನುವಾರ ಬಸ್ಸು ಹಿಡಿದು ಅಬುಧಾಬಿಗೆ ಹೋದೆ. ದಾರಿಯಲ್ಲೇ ಯಾವುದಾದರೂ ನಿಲ್ದಾಣದಲ್ಲಿ ಇಳಿದು, ಜ್ವರ ಎಂದು ಫೋನು ಮಾಡಿ ತಿರುಗಿ ಹೋಗಲೇ ಎಂದು ಎರಡು ಸಲ ಯೋಚಿಸಿದೆ.

ಜೆಸ್ಸಿ ಬಾಗಿಲಲ್ಲೇ ರಿಯಾಳನ್ನು ನನ್ನ ಮುಂದೆ ನಿಲ್ಲಿಸಿದಳು. "ಕೇಳು, ಲೀನಾ ಆಂಟಿ ಹೇಳ್ತಾಳೆ."

"ಐ ವಿಲ್ ಲಿಸನ್, ಮಮ್ಮಾ. ಪ್ರಾಮಿಸ್" ಎಂದಿತು ಮಗು, ಕಣ್ಣು ತುಂಬಿಕೊಂಡು.

"ನೀನು ಕೇಳುದಿಲ್ಲ. ನೀನು ನನ್ನ ಹಾಗೆ."

ಅದನ್ನು ನನ್ನಿಂದ ಸಹಿಸಲಾಗಲಿಲ್ಲ. ಮಗುವನ್ನು ಒಳಗಿನ ಕೋಣೆಗೆ ಕಳಿಸು ಎಂದೆ. ಜೆಸ್ಸಿ ಕಳಿಸಿ ಬಂದು, ಅಡುಗೆ ಮನೆಯಲ್ಲಿ ಗ್ಯಾಸು ಆರಿಸಿ, ಆರಿದೆಯೇ ಎಂದು ಬಗ್ಗಿ ನೋಡಿ, ಮತ್ತೊಮ್ಮೆ ಅದರ ಗುಂಡಿ ಮುಟ್ಟಿ ನೋಡಿದಳು.

"ಎಂತ ಅಕ್ಕ? ಮೋರೆ ಯಾಕೆ ಹಾಗುಂಟು?"

"ನಾನು ನಿಂಗೆ ಹೇಳಿರ್ಲಿಲ್ಲ ಜೆಸ್ಸಿ."

"ಎಂತದು?"

"ನಡುವಲ್ಲಿ ಇಳಿ ಅಂತ. ನಾನು ಹೇಳ್ಲೇ ಇಲ್ಲ. ನಾನು ಮೇಲೆ ಹತ್ಲೂ ಇಲ್ಲ. ಕಂಬದ ಹತ್ರ ನಿಂತು ವಾಪಸ್ ಬಂದೆ. ಹೆದರಿಕೆ ಆಯ್ತು. ಗುರುಂಗ್‌ಗೆ ಸುಳ್ಳು ಹೇಳಿದೆ."

ಅವಳು ಕೈ ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದಳು, ಬಿಚ್ಚಿದಳು. ಅವಳು ಕೂಗಾಡುತ್ತಾಳೆ, ಹೊರಗೆ ಹೋಗು ಎನ್ನುತ್ತಾಳೆ ಎಂದು ಕಾದೆ. ಇನ್ನು ಮೇಲೆ ನನಗೆ ತಂಗಿ ಇಲ್ಲ ಎಂಬುದು ನನಗೆ ಖಚಿತವಾಗಿತ್ತು.

"ಹತ್ತು ವರ್ಷ" ಎಂದಳು ಕೊನೆಗೆ, ಬಹಳ ಮೆತ್ತಗೆ. "ನಂಗೆ ಕಿವಿ ಕೇಳುದಿಲ್ಲ ಅಂತ ಡಾಕ್ಟ್ರ ಹತ್ರ ಪರೀಕ್ಷೆ ಮಾಡ್ಸಿದ್ದೆ ನಾನು. ನಿಂಗೆ ಗೊತ್ತುಂಟಾ ಅದು? ಎರಡು ಸಲ."

ಗೊತ್ತಿರಲಿಲ್ಲ.

"ನಾನು ಮಗಳಿಗೆ ಈಗ ಎಂತ ಹೇಳ್ಬೇಕು? ನೀನೇ ಹೇಳು. ಖಲಾಸ್ ಅಂತ ಹೇಳಿ ಹೋಗ್ಬೇಡ. ನನ್ನ ಮೋರೆ ನೋಡಿ ಹೇಳು, ನಂಗೆ ಸರಿಯಾಗಿ ಕೇಳ್ಬೇಕು."

ನಾನು ತಲೆ ಎತ್ತಿದೆ. ಅವಳ ಕಣ್ಣು ನನ್ನನ್ನು ಬಿಡಲಿಲ್ಲ. ಒಳಗಿನ ಕೋಣೆಯ ಮಗುವಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.

"ನಿನ್ನ ಕಿವಿ ಸರಿಯುಂಟು ಜೆಸ್ಸಿ. ನಿನ್ನ ಕಾಲೂ ಸರಿಯಿತ್ತು. ನೀನು ಎರಡು ಸಲ ಕೇಳಿದಿ, ನಾನು ಎರಡು ಸಲವೂ ಸುಳ್ಳು ಹೇಳಿದೆ. ಬಿದ್ದದ್ದು ನನ್ನಿಂದ, ನಿನ್ನಿಂದ ಅಲ್ಲ. ತಪ್ಪಾಯ್ತು. ನನ್ನ ತಪ್ಪನ್ನು ಇಷ್ಟು ವರ್ಷ ನಿನ್ನ ತಲೆ ಮೇಲೆ ಹಾಕಿದ್ದಕ್ಕೂ ತಪ್ಪಾಯ್ತು. ನನ್ನನ್ನು ಕ್ಷಮಿಸು."